ಅರ್ಧದಾರಿಯ ಊರು

ಕಿರುನಾ, ಸೆಪ್ಟೆಂಬರ್ 9

ಪೆರ್ನಿಲ್ಲಾ,

ಫೋನಿನಲ್ಲಿ ಕೂಗಾಡಬೇಡಿ, ಕಾಗದದ ಮೇಲೆ ಬರೆಯಿರಿ, ಬರೆದದ್ದನ್ನು ಒಂದು ದಿನ ಮೇಜಿನ ಮೇಲೆ ಬಿಟ್ಟು ಮತ್ತೆ ಓದಿ ಆಮೇಲೆ ಅಂಚೆಗೆ ಹಾಕಿ ಎಂದು ನಿಮ್ಮೂರಿನ ಕುಟುಂಬ ಸಲಹೆಗಾರ್ತಿ ಹೇಳಿದ್ದಾಳಲ್ಲ, ಅದರಂತೆ ಇದು ನನ್ನ ಮೊದಲ ಪತ್ರ. ನಿಜ ಹೇಳಬೇಕೆಂದರೆ ಎರಡನೆಯದು. ಮೊದಲನೆಯದನ್ನು ಇವತ್ತು ಬೆಳಿಗ್ಗೆ ಓದಿ ಒಲೆಗೆ ಹಾಕಿದೆ. ಅವಳ ಉಪಾಯ ಫಲಿಸುತ್ತಿದೆ ಎಂದು ಬೇಕಾದರೆ ಹೇಳು.

ವಿಷಯ ಇಷ್ಟು. ಇನ್ನು ಮುಂದೆ ವಿಮಾನ ಹತ್ತುವುದಿಲ್ಲ ಎಂದು ವೆಂಡೆಲಾ ತನ್ನ ತರಗತಿಯವರೆಲ್ಲರ ಜೊತೆ ನಿಂತು ಪ್ರತಿಜ್ಞೆ ಮಾಡಿದ್ದಾಳೆ. ಭೂಮಿ ಬಿಸಿಯಾಗುವುದನ್ನು ತಡೆಯಲು ಹನ್ನೊಂದು ವರ್ಷದವಳ ಕೈಲಾಗುವುದು ಅಷ್ಟೇ ಎಂದು ನೀನು ಹೆಮ್ಮೆಪಟ್ಟೆ. ನನಗೂ ಹೆಮ್ಮೆಯೇ. ಆದರೆ ನಾವು ಬೇರೆಯಾದ ಮೇಲೆ ಇಷ್ಟು ದಿನ ರಜೆಗೆಂದು ಕೊರಳಿಗೆ ಹೆಸರಿನ ಚೀಟಿ ನೇತುಹಾಕಿಕೊಂಡು, ಗಗನಸಖಿಯ ಕೈ ಹಿಡಿದು, ಊಟದ ಹೊತ್ತಿಗೆ ನನ್ನ ಮುಂದೆ ಇಳಿಯುತ್ತಿದ್ದ ಮಗಳು ಇನ್ನು ಇಡೀ ಸ್ವೀಡನ್ನನ್ನು ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗೆ ರೈಲಿನಲ್ಲಿ ಅಳೆಯಬೇಕು. ಇಪ್ಪತ್ತು ಗಂಟೆ, ಅದೂ ರೈಲುಗಳು ಹೇಳಿದ ಹೊತ್ತಿಗೆ ಓಡಿದರೆ. ಒಬ್ಬಳನ್ನೇ ಕಳಿಸಲಾಗದು. ನಾನೇ ಮಾಲ್ಮೊಗೆ ಬಂದು ಕರೆತಂದು, ಮತ್ತೆ ತಂದು ಬಿಟ್ಟರೆ ಅಕ್ಟೋಬರ್ ಕೊನೆಯ ರಜೆ ನನಗೆ ಹಳಿಯ ಮೇಲೆಯೇ ಮುಗಿಯುತ್ತದೆ.

ಆದ್ದರಿಂದ ಅರ್ಧದಾರಿ. ನೀನು ಅವಳನ್ನು ಓವಿಕ್‌ವರೆಗೆ ಕರೆತಾ. ಅಲ್ಲಿಂದ ನಾನು ಕರೆದುಕೊಂಡು ಬರುತ್ತೇನೆ. ವೇಳಾಪಟ್ಟಿ ನೋಡಿದ್ದೇನೆ: ನಿನಗೂ ಹತ್ತು ಗಂಟೆ, ನನಗೂ ಹತ್ತು ಗಂಟೆ. ಇದಕ್ಕಿಂತ ನ್ಯಾಯ ಇನ್ನೇನಿದೆ?

ರೂಬೆನ್


ಮಾಲ್ಮೊ, ಸೆಪ್ಟೆಂಬರ್ 19

ರೂಬೆನ್,

ನಿನ್ನ ಪತ್ರ ಬರಲು ಐದು ದಿನ ಹಿಡಿಯಿತು. ಈಗ ಅಂಚೆಯವನು ದಿನ ಬಿಟ್ಟು ದಿನ ಬರುತ್ತಾನೆ. ನಮ್ಮಂಥ ಇಬ್ಬರಿಗೆ ಸಿಟ್ಟು ಆರಲು ಇದೂ ಒಳ್ಳೆಯದೇ ಇರಬಹುದು.

ಅರ್ಧದಾರಿಯ ಮಾತಿಗೆ ನನ್ನ ಒಪ್ಪಿಗೆ ಇದೆ. ಓವಿಕ್‌ಗೆ ಇಲ್ಲ. ಗೋಡೆಯ ಮೇಲಿನ ಭೂಪಟದ ಮುಂದೆ ನೂಲು ಹಿಡಿದು ನಿಂತೆ. ಮಾಲ್ಮೊದಿಂದ ಕಿರುನಾಗೆ ಇರುವ ದಾರಿಯ ನಡು ಹೂಡಿಕ್ಸ್‌ವಾಲ್. ಓವಿಕ್ ಅದಕ್ಕಿಂತ ಎಷ್ಟೋ ಮೇಲಿದೆ. ನಿಮ್ಮ ಕಡೆ ರೈಲು ತೆವಳುತ್ತದೆ, ನಮ್ಮ ಕಡೆ ಓಡುತ್ತದೆ. ಅದಕ್ಕೆ ನಾನೇನು ಮಾಡಲಿ? ನಮ್ಮ ರೈಲು ವೇಗವಾಗಿರುವುದಕ್ಕೆ ನಾನು ದಂಡವಾಗಿ ಇನ್ನಷ್ಟು ದೂರ ಬರಬೇಕೇ? ಊರು ಇರುವುದು ನೆಲದ ಮೇಲೆ, ಗಡಿಯಾರದ ಮೇಲಲ್ಲ.

ನೀನು ಹತ್ತು ಹತ್ತು ಎಂದು ಬರೆದದ್ದರಲ್ಲಿ ಇನ್ನೊಂದು ಬಿಟ್ಟುಹೋಗಿದೆ. ಅವಳನ್ನು ನಿನ್ನ ಕೈಗೆ ಕೊಟ್ಟ ಮೇಲೆ ನಾನು ಒಬ್ಬಳೇ ಅಷ್ಟೇ ದೂರ ಹಿಂದಿರುಗಬೇಕು. ನಿನ್ನ ಜೊತೆ ಅವಳಿರುತ್ತಾಳೆ. ಪಕ್ಕದಲ್ಲಿ ಮಗಳು ಕೂತ ಹತ್ತು ಗಂಟೆಯೂ ಪಕ್ಕದಲ್ಲಿ ಬ್ಯಾಗು ಕೂತ ಹತ್ತು ಗಂಟೆಯೂ ಒಂದೇ ಉದ್ದವೇ?

ಹೂಡಿಕ್ಸ್‌ವಾಲ್ ಅನ್ನು ಯೋಚಿಸು.

ಪೆರ್ನಿಲ್ಲಾ


ಕಿರುನಾ, ಅಕ್ಟೋಬರ್ 1

ಪೆರ್ನಿಲ್ಲಾ,

ಪಕ್ಕದಲ್ಲಿ ಬ್ಯಾಗು ಕೂತ ಪ್ರಯಾಣ ಎಂಥದ್ದು ಎಂದು ನನಗೆ ನೀನು ಹೇಳಿಕೊಡಬೇಕಾಗಿಲ್ಲ. ವರ್ಷದ ನಲವತ್ತು ವಾರ ನನ್ನ ಪಕ್ಕದಲ್ಲಿ ಬ್ಯಾಗೂ ಇರುವುದಿಲ್ಲ.

ನೂಲಿನಿಂದ ಅಳೆದೆಯಂತೆ. ನಾನು ಮರಗೆಲಸ ಕಲಿಸುವ ಮೇಷ್ಟ್ರು, ಅಳತೆಯ ವಿಷಯ ನನಗೂ ಸ್ವಲ್ಪ ಗೊತ್ತು. ಹಲಗೆ ಕೊಯ್ಯುವಾಗ ಉದ್ದ ನೋಡುತ್ತೇವೆ, ನಿಜ. ಆದರೆ ಗಂಟಿರುವ ಹಲಗೆಯನ್ನೂ ಗಂಟಿಲ್ಲದ ಹಲಗೆಯನ್ನೂ ಕೊಯ್ಯಲು ಒಂದೇ ಹೊತ್ತು ಸಾಕು ಎಂದು ಹೇಳುವ ಹುಡುಗ ಇನ್ನೂ ಗರಗಸ ಹಿಡಿದಿಲ್ಲ ಎಂದೇ ಅರ್ಥ. ನಮ್ಮ ಕಡೆಯ ಹಳಿ ಒಂಟಿ. ಎದುರಿನಿಂದ ಅದಿರಿನ ರೈಲು ಬಂದರೆ ಕಾಯಬೇಕು, ಹಿಮಸಾರಂಗ ಅಡ್ಡ ಬಂದರೆ ಕಾಯಬೇಕು. ಹೂಡಿಕ್ಸ್‌ವಾಲ್ ಎಂದರೆ ನನಗೆ ಹದಿಮೂರು ಗಂಟೆ, ನಿನಗೆ ಏಳು. ನಿನ್ನ ಭೂಪಟದಲ್ಲಿ ಇದು ಸಮ.

ಅಮ್ಮ ಮೊನ್ನೆ ನಾನು ವೇಳಾಪಟ್ಟಿ ಹರಡಿಕೊಂಡು ಕೂತಿದ್ದನ್ನು ನೋಡಿದಳು.

"ಏನೋ ಅದು, ಗಡಿಯಾರ ಹಿಡ್ಕೊಂಡು ಮಗಳನ್ನ ಪಾಲು ಮಾಡ್ಕೊಳ್ತಿದೀಯಾ?"

"ಮಗಳನ್ನಲ್ಲಮ್ಮ, ದಾರೀನ."

"ನಿಮ್ಮಪ್ಪ ಗಡಿಯಾಚೆಯಿಂದ ಸ್ಕೀ ಕಟ್ಕೊಂಡು ನನ್ನ ನೋಡೋಕೆ ಬರ್ತಿದ್ದ. ಅರ್ಧದಾರೀಲಿ ನಿಂತಿರ್ತೀನಿ, ನೀನೂ ಅಷ್ಟು ದೂರ ಬಾ ಅಂದಿದ್ರೆ ನೀನು ಹುಟ್ತಾನೇ ಇರ್ಲಿಲ್ಲ, ತಿಳ್ಕೋ."

"ಹಾಗಾದ್ರೆ ನಾನೇ ಪೂರ್ತಿ ಹೋಗ್ಬೇಕು ಅಂತೀಯಾ?"

"ನಾನೇನೂ ಅನ್ನೋದಿಲ್ಲಪ್ಪ. ಕಾಫಿ ಕುಡೀತೀಯಾ?"

ನಮ್ಮ ಮನೆಯಲ್ಲಿ ವಾದಗಳು ಹೀಗೆ ಮುಗಿಯುತ್ತವೆ. ನಿನ್ನದು ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಓವಿಕ್.

ರೂಬೆನ್


ಮಾಲ್ಮೊ, ಅಕ್ಟೋಬರ್ 12

ರೂಬೆನ್,

ನಿನ್ನೆ ಬಟಾಣಿ ಸಾರು ಕುದಿಯುತ್ತಿದ್ದಾಗ ವೆಂಡೆಲಾ ಅಡುಗೆಮನೆಗೆ ಬಂದಳು. ನಿನ್ನ ಪತ್ರ ಕಿಟಕಿಯ ಕಟ್ಟೆಯ ಮೇಲಿತ್ತು. ಅವಳು ಅದನ್ನು ಮುಟ್ಟಲಿಲ್ಲ, ಸುಮ್ಮನೆ ನೋಡಿದಳು.

"ಅಮ್ಮ, ಹೂಡಿಕ್ಸ್‌ವಾಲ್‌ನಲ್ಲಿ ಏನಿದೆ?"

"ಏನೂ ಇಲ್ಲ ಪುಟ್ಟ. ಬಂದರು ಇದೆ."

"ಓವಿಕ್‌ನಲ್ಲಿ?"

"ಅಲ್ಲೂ ಅಂಥದ್ದೇನಿಲ್ಲ."

"ಮತ್ತೆ ಯಾಕೆ ಇಬ್ರೂ ಇಷ್ಟೊಂದು ಕಿತ್ತಾಡ್ತಿದೀರಾ?"

ನಾನು ಒಲೆಯ ಕಡೆ ತಿರುಗಿದೆ. ಸಾರಿಗೆ ಸಾಸಿವೆ ಹಾಕಿದೆ.

ಅವಳಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ. ಇದು ಹೂಡಿಕ್ಸ್‌ವಾಲ್‌ನ ಜಗಳವಲ್ಲ ಎಂದು ನನಗೆ ಗೊತ್ತು, ನಿನಗೂ ಗೊತ್ತು. ನಾನು ನಿನ್ನೂರಿನಲ್ಲಿ ಎರಡು ಚಳಿಗಾಲ ಇದ್ದೆ. ಸೂರ್ಯ ಏಳದ ಆ ದಿನಗಳಲ್ಲಿ ದೀಪದ ಕೆಳಗೆ ಕೂತು ಕವಿತೆ ಓದಿಕೊಂಡೆ, ಹುಚ್ಚು ಹಿಡಿಯದಿರಲೆಂದು. ನೀನು ನನ್ನೂರಿನಲ್ಲಿ ನಾಲ್ಕು ವರ್ಷ ಇದ್ದೆ. ಇಲ್ಲಿ ಬೆಟ್ಟವೇ ಇಲ್ಲ, ಕಣ್ಣಿಗೆ ಒರಗಿಕೊಳ್ಳಲು ಏನೂ ಇಲ್ಲ ಎನ್ನುತ್ತಿದ್ದೆ. ಯಾರು ಯಾರಿಗಾಗಿ ಎಷ್ಟು ದೂರ ಬಂದರು ಎಂಬ ಲೆಕ್ಕ ಆಗಲೇ ಮುಗಿಯಲಿಲ್ಲ. ಈಗ ಅದನ್ನು ರೈಲಿನ ಮೇಲೆ ಹೊರಿಸಿದ್ದೇವೆ.

ಆದರೂ ನಾನು ಬಗ್ಗುವುದಿಲ್ಲ. ಸುಸ್ತಾಗಿದೆ, ಅದಕ್ಕೇ ಬಗ್ಗುವುದಿಲ್ಲ. ಇಪ್ಪತ್ತಾರನೆಯ ತಾರೀಕು ಶನಿವಾರ, ಹೂಡಿಕ್ಸ್‌ವಾಲ್. ಇದು ನನ್ನ ಕೊನೆಯ ಮಾತು.

ಪೆರ್ನಿಲ್ಲಾ


ಕಿರುನಾ, ಅಕ್ಟೋಬರ್ 23

ಪೆರ್ನಿಲ್ಲಾ,

ಆಯಿತು. ಹೂಡಿಕ್ಸ್‌ವಾಲ್. ಶನಿವಾರ ಸಂಜೆ ಅಲ್ಲಿರುತ್ತೇನೆ. ಯಾರು ಬಿಟ್ಟುಕೊಟ್ಟರು ಎಂಬುದನ್ನು ಮಾತ್ರ ನೆನಪಿಟ್ಟುಕೋ. ಇದನ್ನು ಒಂದು ದಿನ ಮೇಜಿನ ಮೇಲೆ ಇಡದೆ ಈಗಲೇ ಅಂಚೆಗೆ ಹಾಕುತ್ತಿದ್ದೇನೆ, ಶುಕ್ರವಾರದೊಳಗೆ ನಿನಗೆ ತಲುಪಲಿ ಎಂದು.

ರೂಬೆನ್


ಮಾಲ್ಮೊ, ಅಕ್ಟೋಬರ್ 23

ರೂಬೆನ್,

ನನ್ನ ಕೊನೆಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಿನಗೆ ಹದಿಮೂರು ಗಂಟೆ ತೀರಾ ಹೆಚ್ಚಾಯಿತು. ಶನಿವಾರ ಅವಳನ್ನು ಓವಿಕ್‌ಗೇ ಕರೆತರುತ್ತೇನೆ. ಥ್ಯಾಂಕ್ಸ್ ಹೇಳಬೇಡ, ನನಗೆ ಸಿಟ್ಟು ಬರುತ್ತದೆ.

ಪೆರ್ನಿಲ್ಲಾ


ಮಾಲ್ಮೊ, ನವೆಂಬರ್ 3

ಅಪ್ಪ, ಅಮ್ಮ,

ಇದು ಇಬ್ರಿಗೂ ಒಂದೇ ಪತ್ರ. ಎರಡು ಸಲ ಬರೆದಿದೀನಿ, ಒಂದು ಅಕ್ಷರಾನೂ ಬದಲಾಯಿಸಿಲ್ಲ. ಅಮ್ಮಂದು ಅವಳ ದಿಂಬಿನ ಮೇಲೆ ಇಡ್ತೀನಿ, ಅಪ್ಪಂದು ಅಂಚೆಗೆ ಹಾಕ್ತೀನಿ. ನೀವಿಬ್ರೂ ಪತ್ರ ಬರೆದರೆ ಮಾತ್ರ ಒಬ್ಬರ ಮಾತು ಒಬ್ಬರು ಪೂರ್ತಿ ಕೇಳ್ತೀರಲ್ಲ, ಅದಕ್ಕೆ.

ಆವತ್ತು ಏನಾಯ್ತು ಅಂತ ಅಮ್ಮ ಒಂಥರಾ ಹೇಳ್ತಾಳೆ, ಅಪ್ಪ ಇನ್ನೊಂಥರಾ ಹೇಳ್ತಾನೆ. ನಾನು ನೋಡಿದ್ದು ಹೇಳ್ತೀನಿ.

ಹೆರ್ನೊಸಾಂಡ್ ದಾಟಿದ ಮೇಲೆ ನಮ್ಮ ರೈಲು ಕಾಡಿನ ಮಧ್ಯ ನಿಂತ್ಕೊಳ್ತು. ಎದುರುಗಡೆಯ ರೈಲು ಹೋಗ್ಲಿ ಅಂತ. ಕತ್ತಲಾಗ್ತಾ ಇತ್ತು. ನಮ್ಮ ಬೋಗೀಲಿ ದೀಪ ಕೆಟ್ಟಿತ್ತು, ಅಮ್ಮ ಕೋಟು ಹೊದ್ದು ಕಣ್ಣು ಮುಚ್ಚಿದ್ಳು. ಆಮೇಲೆ ಎದುರುಗಡೆ ರೈಲು ಬಂದು ಪಕ್ಕದಲ್ಲೇ ನಿಂತ್ಕೊಳ್ತು. ಅದರೊಳಗೆಲ್ಲ ದೀಪ ಇತ್ತು. ನನ್ನ ಕಿಟಕಿಗೆ ಎದುರು ಕಿಟಕೀಲಿ ಅಪ್ಪ ಕೂತಿದ್ದ.

ಮೊದಲು ಅಪ್ಪನ ಥರ ಯಾರೋ ಅಂದ್ಕೊಂಡೆ. ಆ ಮನುಷ್ಯ ನನ್ನನ್ನೇ ನೋಡ್ದ. ಜೇಬಿನಿಂದ ಬಾಚಣಿಗೆ ತೆಗೆದ. ನನ್ನನ್ನೇ ನೋಡ್ತಾ ತಲೆ ಬಾಚ್ಕೊಂಡ. ಕಾಲರ್ ಸರಿ ಮಾಡ್ಕೊಂಡ. ಹಲ್ಲು ತೋರಿಸಿ ಸಂದೀಲಿ ಏನಾದ್ರೂ ಸಿಕ್ಕಿದ್ಯಾ ಅಂತ ನೋಡ್ಕೊಂಡ. ನಾನು ಕೈ ಬೀಸ್ದೆ, ಗಾಜು ಬಡಿದೆ. ನಮ್ಮ ಕಡೆ ಕತ್ತಲು ಅಲ್ವಾ, ಅವನಿಗೆ ಕಿಟಕೀಲಿ ಅವನ ಮುಖ ಮಾತ್ರ ಕಾಣ್ತಿತ್ತು.

ನಾನು ಫೋನ್ ಮಾಡ್ದೆ. ಅವನು ಎತ್ತಿದ್ದು ನನಗೆ ಕಾಣಿಸ್ತು.

"ಪುಟ್ಟಾ! ಹೂಡಿಕ್ಸ್‌ವಾಲ್ ಬಂತಾ?"

"ಅಪ್ಪ, ಕಿಟಕಿಗೆ ಮೂಗು ಇಡು."

"ಏನಂದೆ?"

"ಗಾಜಿಗೆ ಮೂಗು ಇಡಪ್ಪಾ!"

ಇಟ್ಟ. ಕೈಯಿಂದ ಬೆಳಕು ಮರೆ ಮಾಡ್ಕೊಂಡು ನೋಡ್ದ. ನೋಡಿದ ತಕ್ಷಣ ಎದ್ದು ನಿಂತ. ಅಷ್ಟರಲ್ಲಿ ಅವನ ರೈಲು ಹೊರಟೇ ಬಿಡ್ತು. ಅವನು ಒಳಗೆ ಹಿಂದಕ್ಕೆ ಓಡ್ದ, ಬೋಗಿ ಮುಗಿಯೋವರೆಗೂ ಓಡ್ದ. ಆದ್ರೆ ರೈಲು ಅವನನ್ನ ಎತ್ಕೊಂಡು ಮುಂದಕ್ಕೆ ಹೋಯ್ತು.

ಅಮ್ಮ ಎದ್ದಳು. ನಾನು ಹೇಳ್ದೆ. ಅವಳು ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸೋಕೆ ಆಗ್ದೆ ಅತ್ಳು.

ಅಪ್ಪ ಬಸ್ಸು ಹಿಡ್ಕೊಂಡು ಓವಿಕ್‌ಗೆ ಬರೋ ಹೊತ್ತಿಗೆ ನಾನು ಅಲ್ಲಿನ ಟೂರಿಸ್ಟ್ ಹಾಸ್ಟೆಲ್‌ನಲ್ಲಿ ಮಲಗಿದ್ದೆ. ಬೆಳಿಗ್ಗೆ ತಿಂಡಿ ಮೇಜಿನ ಹತ್ರ ಬಂದಾಗ ನೀವಿಬ್ರೂ ಪಿಸುಗುಟ್ಕೊಂಡು ಜಗಳ ಆಡ್ತಿದ್ರಿ.

"ನಾನು ನಿನಗೋಸ್ಕರ ಬಿಟ್ಟುಕೊಟ್ಟೆ."

"ನಾನು ನಿನಗೋಸ್ಕರ ಬಿಟ್ಟುಕೊಡ್ಲಿಲ್ವಾ?"

"ಒಂದು ಮೆಸೇಜ್ ಹಾಕೋಕೆ ಏನಾಗಿತ್ತು?"

"ನೀನು ಹಾಕ್ಬೇಕಿತ್ತು."

ಕೆಟ್ಟವರಾಗೋಕೆ ಜಗಳ ಆಡೋರನ್ನ ನೋಡಿದೀನಿ. ಒಳ್ಳೆಯವರಾಗೋಕೆ ಜಗಳ ಆಡೋರು ನೀವೇ. ಅದಕ್ಕೇ ನಾನು ಅಮ್ಮಂಗೆ ವಾಪಸ್ ಮನೆಗೆ ಹೋಗೋಣ ಅಂದಿದ್ದು. ಅಪ್ಪನ ಮೇಲೆ ಸಿಟ್ಟಿಂದ ಅಲ್ಲ, ಅಮ್ಮ ಹೇಳಿಕೊಟ್ಟಿದ್ದೂ ಅಲ್ಲ. ನನಗೆ ಯಾವ ಕಡೆಗೂ ಇನ್ನು ಕೂರೋಕೆ ಆಗ್ತಿರ್ಲಿಲ್ಲ.

ಇನ್ನೊಂದು. ಅರ್ಧ ಅರ್ಧ ಅಂತ ಎಷ್ಟು ಲೆಕ್ಕ ಹಾಕಿದ್ರಿ! ಓವಿಕ್ ಆದ್ರೂ ಹೂಡಿಕ್ಸ್‌ವಾಲ್ ಆದ್ರೂ ನನಗೆ ಒಂದೇ. ನಾನು ಎಲ್ಲೂ ಇಳಿಯೋ ಹಾಗಿಲ್ಲ. ನಾನು ಪೂರ್ತಿ ಹೋಗ್ಬೇಕು, ಪೂರ್ತಿ ಬರ್ಬೇಕು.

ಫೆಬ್ರವರಿ ರಜೆಗೆ ನಾನು ಬರೋದಿಲ್ಲ.

ವೆಂಡೆಲಾ


ಕಿರುನಾ, ನವೆಂಬರ್ 17

ಪೆರ್ನಿಲ್ಲಾ,

ಅವಳ ಪತ್ರ ಓದಿದೆ. ಎಷ್ಟು ಸಲ ಎಂದು ಕೇಳಬೇಡ.

ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಒಂದು ಪತ್ರ ಬರೆದೆ. ಆ ಬೆಳಿಗ್ಗೆ ಅವಳು "ಮನೆಗೆ ಹೋಗೋಣ" ಎಂದ ಕೂಡಲೇ ನೀನು ಚೀಲ ಎತ್ತಿಕೊಂಡೆ, ಒಂದು ಗಂಟೆಯಾದರೂ ತಡೆಯಬಹುದಿತ್ತು, ನಾನು ಅವಳ ಜೊತೆ ಮಾತಾಡಬಹುದಿತ್ತು ಎಂದು. ಮರುದಿನ ಓದಿದೆ. ತಪ್ಪೇನೂ ಬರೆದಿರಲಿಲ್ಲ. ಆದರೂ ಕಳಿಸಲಿಲ್ಲ. ಅಮ್ಮನೂ ಈಗ ನನ್ನನ್ನು ಕೆಣಕುವುದನ್ನು ಬಿಟ್ಟಿದ್ದಾಳೆ. ಅದೇ ಹೆಚ್ಚು ಕಷ್ಟ.

ಈ ವರ್ಷದ ಕ್ರಿಸ್ಮಸ್ ನಿನ್ನ ಸರದಿ. ಫೆಬ್ರವರಿಗೂ ಬರುವುದಿಲ್ಲವೆಂದರೆ ನಾನು ಅವಳನ್ನು ಮತ್ತೆ ನೋಡುವುದು ಈಸ್ಟರ್‌ಗೆ, ಆಗಲೂ ಅವಳು ಒಪ್ಪಿದರೆ. ಏನಾದರೂ ಮಾಡು.

ರೂಬೆನ್


ಮಾಲ್ಮೊ, ಡಿಸೆಂಬರ್ 4

ರೂಬೆನ್,

ಏನಾದರೂ ಮಾಡು ಎಂದು ಬರೆಯುವುದು ಸುಲಭ. ನಾನು ನಿನ್ನ ಪರವಾಗಿ ಮಾತಾಡಿದೆ, ನಂಬುತ್ತೀಯೋ ಇಲ್ಲವೋ. ಹಿಮದಲ್ಲಿ ಸ್ಕೀ ಆಡಬಹುದು, ಅಜ್ಜಿ ಮೀನು ಹಿಡಿಯಲು ಕರೆದೊಯ್ಯುತ್ತಾಳೆ ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಅಮ್ಮ, ಅಲ್ಲಿಗೆ ಹೋದಾಗ ಅಪ್ಪ ಬೆಳಿಗ್ಗೆಯಿಂದ ರಾತ್ರಿವರೆಗೂ ನನ್ನನ್ನ ಖುಷಿಪಡಿಸ್ತಾನೇ ಇರ್ತಾನೆ. ನಿಂಗೆ ಗೊತ್ತಾ ಅದು ಎಷ್ಟು ಸುಸ್ತು?" ಎಂದಳು.

ಒತ್ತಾಯ ಮಾಡಲಾರೆ. ನನಗೂ ಏನೂ ಗೆದ್ದಂತೆ ಅನಿಸುತ್ತಿಲ್ಲ. ರಜೆ ಬಂದರೆ ಅವಳು ಹೋಗುತ್ತಾಳೆ, ಮನೆ ಖಾಲಿಯಾಗುತ್ತದೆ ಎಂದು ಪ್ರತಿ ಸಲ ಗೊಣಗುತ್ತಿದ್ದವಳು ನಾನು. ಈಗ ಅವಳು ಹೋಗುವುದಿಲ್ಲ, ಕೋಣೆಯ ಬಾಗಿಲು ಮುಚ್ಚಿಕೊಂಡು ಒಳಗೇ ಇರುತ್ತಾಳೆ. ಇದೂ ಒಂದು ಬಗೆಯ ದೂರ. ಇದಕ್ಕೆ ನನ್ನ ನೂಲು ಸಾಲದು.

ಅವಳಿಗೇ ಬರೆ. ನನ್ನ ಮೂಲಕ ಬೇಡ.

ಪೆರ್ನಿಲ್ಲಾ


ಕಿರುನಾ, ಜನವರಿ 12

ವೆಂಡೆಲಾ ಪುಟ್ಟ,

ನಿನ್ನನ್ನು ಬಾ ಎಂದು ಕರೆಯಲು ಈ ಪತ್ರ ಬರೆಯುತ್ತಿಲ್ಲ. ನಾನೇ ಬರುತ್ತೇನೆ, ಪೂರ್ತಿ ದಾರಿ. ಆದರೆ ನಿನ್ನ ಶಾಲೆಗೆ ರಜೆ ವರ್ಷದ ಎಂಟನೆಯ ವಾರ, ಫೆಬ್ರವರಿಯಲ್ಲಿ; ನಮ್ಮ ಶಾಲೆಗೆ ಹತ್ತನೆಯ ವಾರ, ಮಾರ್ಚ್‌ನಲ್ಲಿ. ನಿನಗೆ ಬಿಡುವಿದ್ದಾಗ ನನಗೆ ಪಾಠ, ನನಗೆ ಬಿಡುವಿದ್ದಾಗ ನಿನಗೆ ಪಾಠ. ಮುಖ್ಯೋಪಾಧ್ಯಾಯರ ಹತ್ತಿರ ಎರಡು ಸಲ ಕೇಳಿದೆ. ಬದಲಿ ಮೇಷ್ಟ್ರು ಸಿಗುವುದಿಲ್ಲವಂತೆ, ಮೂವತ್ತು ಮಕ್ಕಳನ್ನು ಗರಗಸಗಳ ಜೊತೆ ಬಿಟ್ಟು ಬರಲಾಗದಂತೆ. ಬಾಗಿಲು ದಬ್ಬಿಕೊಂಡು ಹೊರಗೆ ಬಂದೆ. ಯಾರ ಮೇಲೆ ಸಿಟ್ಟು ಮಾಡಲಿ ಎಂದು ತಿಳಿಯದೆ ಕಾರಿನ ಮೇಲಿನ ಹಿಮವನ್ನೆಲ್ಲ ಕೆರೆದು ಹಾಕಿದೆ. ಅದು ನನ್ನ ಕಾರಾಗಿರಲಿಲ್ಲ.

ಈಸ್ಟರ್‌ವರೆಗೆ ಕಾಯೋಣವೇ?

ನಿನ್ನ ಅಪ್ಪ


ಮಾಲ್ಮೊ, ಜನವರಿ 22

ಅಪ್ಪ,

ಕಾಯೋದು ಬೇಡ. ಹತ್ತನೇ ವಾರದಲ್ಲೇ ಬಾ. ನನಗೆ ಶಾಲೆ ಇರುತ್ತೆ, ಹೋಮ್‌ವರ್ಕ್ ಇರುತ್ತೆ, ಗುರುವಾರ ಗಣಿತ ಪರೀಕ್ಷೆ ಇದೆ. ನೀನು ಬಂದು ಸುಮ್ನೆ ಮನೇಲಿ ಇರು. ಎಲ್ಲಿಗೂ ಕರ್ಕೊಂಡು ಹೋಗ್ಬೇಡ, ಏನೂ ತರಬೇಡ. ನಿನಗೆ ತುಂಬಾ ಬೋರ್ ಆಗುತ್ತೆ, ಮೊದಲೇ ಹೇಳ್ತಿದೀನಿ. ಆ ವಾರ ಅಮ್ಮ ಲುಂಡ್‌ನಲ್ಲಿ ಚಿಕ್ಕಮ್ಮನ ಮನೇಲಿ ಇರ್ತಾಳಂತೆ. ನಾನು ಕೇಳಿದ್ದಲ್ಲ, ಅವಳೇ ಹೇಳಿದ್ದು.

ವೆಂಡೆಲಾ


ಮಾಲ್ಮೊ, ನಿನ್ನ ಅಡುಗೆಮನೆ, ಮಾರ್ಚ್ 7

ಪೆರ್ನಿಲ್ಲಾ,

ಈ ಪತ್ರವನ್ನು ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಇಟ್ಟು ಹೋಗುತ್ತೇನೆ. ಅಂಚೆಯವನ ಗೊಡವೆ ಇಲ್ಲ.

ಮೊದಲು ತಪ್ಪುಗಳು. ಕಟ್ಟಡದವರೆಲ್ಲರಿಗೂ ಇರುವ ಒಂದೇ ಯಂತ್ರದಲ್ಲಿ ನಿನ್ನ ಬಟ್ಟೆ ಒಗೆಯುವ ಸರದಿ ಬುಧವಾರ ಬೆಳಿಗ್ಗೆ ಎಂದು ಗೊತ್ತಿರಲಿಲ್ಲ, ನಾನು ಮಂಗಳವಾರ ಯಂತ್ರ ತುಂಬಿಸಿದೆ. ಮೂರನೆಯ ಮಹಡಿಯವರು ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ, ಕೊನೆಯಲ್ಲಿ ನಗುವ ಮುಖದ ಚಿತ್ರ ಬೇರೆ. ನಿನ್ನ ಹೆಸರು ಕೆಟ್ಟಿದೆ. ಬಾಣಲೆಯೊಂದು ಸೀದುಹೋಗಿದೆ, ಹೊಸದು ತಂದಿಟ್ಟಿದ್ದೇನೆ.

ಬರುವಾಗ ರೈಲು ನಡುವೆ ಎಲ್ಲೋ ಮೂರು ಗಂಟೆ ನಿಂತಿತ್ತು. ನಿನ್ನನ್ನು ಬೈಯಬೇಕೆನಿಸಿತು. ನೀನು ಅಲ್ಲಿ ಇರಲಿಲ್ಲ, ಅಭ್ಯಾಸ.

ಅವಳು ಹೇಳಿದ್ದು ನಿಜ, ಬೋರ್ ಆಯಿತು. ಬೆಳಿಗ್ಗೆ ಹೋಗುತ್ತಾಳೆ, ಮಧ್ಯಾಹ್ನ ಬರುತ್ತಾಳೆ. "ಹೇಯ್" ಎನ್ನುತ್ತಾಳೆ, ಒಂದು ಶೂ ಬಾಗಿಲಲ್ಲಿ, ಇನ್ನೊಂದು ಎಲ್ಲೋ. ಬ್ರೆಡ್ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಷ್ಟೇ. ಸೋಮವಾರ ಪೂರ್ತಿ ಹೀಗೇ ಆಯಿತು. ಇಷ್ಟು ದೂರ ಬಂದು ಮುಚ್ಚಿದ ಬಾಗಿಲು ನೋಡುತ್ತಾ ಕೂತಿದ್ದೇನಲ್ಲ ಎಂದು ನನಗೆ ಎಷ್ಟು ರೇಗಿತೆಂದರೆ, ಎದ್ದು ಹೋಗಿ ಬಾಗಿಲು ಬಡಿಯಬೇಕೆಂದಿದ್ದೆ. ಅಷ್ಟರಲ್ಲಿ ಒಳಗಿನಿಂದ ಕೂಗಿದಳು.

"ಅಪ್ಪಾ, ಇದೀಯಾ?"

"ಇದೀನಿ. ಏನು ಬೇಕು?"

"ಏನೂ ಬೇಡ. ಸುಮ್ನೆ ಕೇಳ್ದೆ."

ಸ್ವಲ್ಪ ಹೊತ್ತಿಗೆ ಮತ್ತೆ, "ಅಪ್ಪಾ, ಇದೀಯಾ?" ಈ ಸಲ ನಾನು ಎದ್ದು ಬಾಗಿಲವರೆಗೆ ಹೋದೆ. "ಯಾಕೆ ಎದ್ದು ಬಂದೆ? ಅಲ್ಲೇ ಕೂತ್ಕೊ" ಎಂದಳು. ಮಂಗಳವಾರವೂ ಹಾಗೆಯೇ, ಬುಧವಾರವೂ. ಗುರುವಾರ ಪರೀಕ್ಷೆ ಹೇಗಾಯಿತು ಎಂದರೆ "ಆಯ್ತು" ಎಂದಳು. ಬಾಗಿಲು ಹಾಕಿಕೊಂಡಳು, ಮತ್ತೆ ಕೇಳಿದಳು. ಈಗ ನಾನು ಏಳುವುದಿಲ್ಲ. ಇದೇ ಕುರ್ಚಿಯಲ್ಲಿ ಕೂತು ಇದೀನಿ ಎನ್ನುತ್ತೇನೆ. ವಾರವಿಡೀ ನಾನು ಮಾಡಿದ ಕೆಲಸ ಇದೊಂದೇ.

ನಾಳೆ ಬೆಳಿಗ್ಗೆ ನನ್ನ ರೈಲು. ನೀನು ಸಂಜೆ ಬರುತ್ತೀಯ ಎಂದು ಹೇಳಿದ್ದಾಳೆ, ನಡುವಿನ ಹೊತ್ತು ಅವಳು ಗೆಳತಿಯ ಮನೆಯಲ್ಲಿರುತ್ತಾಳೆ.

ಭಾನುವಾರ ಅವಳು ಕೋಣೆಯೊಳಗಿಂದ ಅಭ್ಯಾಸಬಲದಿಂದ ನನ್ನನ್ನೇ ಕೂಗಿಬಿಟ್ಟರೆ, ದಯವಿಟ್ಟು ನೀನು ತಕ್ಷಣ ಉತ್ತರ ಕೊಡು. ಅಪ್ಪ ಊರಿಗೆ ಹೋದ ಎಂದೇ ಹೇಳು, ಬೇರೇನಾದರೂ ಹೇಳು. ಬಾಗಿಲ ಈಚೆ ಯಾರ ಸದ್ದೂ ಇಲ್ಲದಂತೆ ಮಾತ್ರ ಬಿಡಬೇಡ.

ರೂಬೆನ್